ನೀರು, ನೆಲ ನೋಡಿ ಬಚ್ಚಲುಮನೆ ಕಟ್ಟಿ

ಹೊಸ ಮನೆ ಕಟ್ಟಿಸುವವರು ಈಗ ಗೌಂಡಿಯ ಮುಂದೆ ಮೊಬೈಲು ಹಿಡಿದು ಒಂದು ಚಿತ್ರ ತೋರಿಸುತ್ತಾರೆ. ಕಪ್ಪು ಮ್ಯಾಟ್ ನಳ, ಗಾಜಿನ ಅಡ್ಡಗೋಡೆ, ನೆಲ ಮುಟ್ಟದ ಕಮೋಡು, ತಲೆಯ ಮೇಲೆ ತಟ್ಟೆಯಗಲದ ಶವರ್. ‘ನಮಗೂ ಹಿಂಗೇ ಆಗಬೇಕು ನೋಡ್ರಿ’ ಎನ್ನುವ ಮಾತು ಬೀದರಿನಲ್ಲಿ ಕೇಳುವಷ್ಟೇ ಭಾಲ್ಕಿ, ಔರಾದಗಳಲ್ಲೂ ಕೇಳುತ್ತದೆ. ಆಸೆಯಲ್ಲಿ ತಪ್ಪೇನಿಲ್ಲ. ಬಚ್ಚಲು ಹಿತ್ತಲ ಮೂಲೆಯ ಕತ್ತಲೆ ಕೋಣೆಯಾಗಿಯೇ ಇರಬೇಕಾದ ಕಾಲ ಮುಗಿಯಿತು. ಆದರೆ ಚಿತ್ರದಲ್ಲಿ ಎರಡು ಸಂಗತಿ ಕಾಣುವುದಿಲ್ಲ: ಆ ನಳಕ್ಕೆ ಬರುವ ನೀರು ಎಂಥದು, ಆ ನೆಲದ ಕೆಳಗಿನ ಮಣ್ಣು ಎಂಥದು. ನಮ್ಮ ಜಿಲ್ಲೆಯಲ್ಲಿ ಬಚ್ಚಲುಮನೆ ಬಹಳ ವರ್ಷ ಚೆನ್ನಾಗಿ ಬಾಳುತ್ತದೋ, ಎರಡೇ ವರ್ಷಕ್ಕೆ ಕಳೆಗುಂದುತ್ತದೋ ಎನ್ನುವುದನ್ನು ಇವೆರಡೇ ತೀರ್ಮಾನಿಸುತ್ತವೆ. ಟೈಲ್ಸ್ ಅಂಗಡಿಯ ಸರದಿ ಆಮೇಲೆ.

ನೀರಿನ ಪರೀಕ್ಷೆ ಮೊದಲು

ಬೀದರ ನಗರಕ್ಕೆ ಮಾಂಜ್ರಾ ನದಿ ಮತ್ತು ಕಾರಂಜಾ ಜಲಾಶಯದ ನೀರಿನ ಆಸರೆಯಿದೆ. ಆದರೂ ಅನೇಕ ಮನೆಗಳು ಬೋರಿನ ನೀರನ್ನೇ ಟಾಕಿಗೆ ಏರಿಸಿ ಸ್ನಾನಕ್ಕೆ, ಬಟ್ಟೆಗೆ ಬಳಸುತ್ತವೆ. ಭಾಲ್ಕಿ, ಔರಾದ ಸುತ್ತಿನ ಹಳ್ಳಿಗಳಲ್ಲಿ ಬೋರಿನ ಮೇಲಿನ ಅವಲಂಬನೆ ಇನ್ನೂ ಹೆಚ್ಚು. ಬಸಾಲ್ಟ್ ಬಂಡೆಯ ಸಂದಿಗಳಲ್ಲಿ ನಿಂತ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಅದೇ ಗಡಸು ನೀರು. ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ, ತಲೆಗೂದಲು ನಾರಿನಂತಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರಿನ ನೀರು ಈ ಎರಡು ಅಂಕಿಗಳ ನಡುವೆ ಎಲ್ಲಿದೆ, ಅಥವಾ ಅದನ್ನೂ ಮೀರಿದೆಯೇ ಎಂದು ತಿಳಿದುಕೊಳ್ಳದೆ ಒಂದು ನಳವನ್ನೂ ಕೊಳ್ಳಬೇಡಿ. ಒಂದು ಸ್ವಚ್ಛ ಬಾಟಲಿಯಲ್ಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಕೊಟ್ಟರೆ ಉತ್ತರ ಸಿಗುತ್ತದೆ. ಇಡೀ ಬಚ್ಚಲುಮನೆಯ ಖರ್ಚಿನಲ್ಲಿ ಇದರಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ.

ಗಡಸು ನೀರಿರುವ ಮನೆಯಲ್ಲಿ ಕಪ್ಪು ಮ್ಯಾಟ್ ನಳ ಏನಾಗುತ್ತದೆ ನೋಡಿ. ಮುಂಜಾನೆ ಸ್ನಾನ ಮುಗಿದ ಮೇಲೆ ನಳದ ಕತ್ತಿನ ಮೇಲೆ ಹತ್ತಾರು ಹನಿ ಉಳಿಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಹನಿ ಆರುತ್ತದೆ, ಉಪ್ಪು ಉಳಿಯುತ್ತದೆ. ಹನಿಯ ಅಂಚಿನಲ್ಲಿ ಒಂದು ಬಿಳಿ ಉಂಗುರ. ಮರುದಿನ ಅದರ ಮೇಲೆ ಇನ್ನೊಂದು. ವಾರವಾದರೆ ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲ. ಗಟ್ಟಿಯಾಗಿ ತಿಕ್ಕಿದರೆ ಕಪ್ಪು ಲೇಪವೇ ಕಿತ್ತು ಬರುತ್ತದೆ. ಗಾಜಿನ ಅಡ್ಡಗೋಡೆಯದೂ ಇದೇ ಪಾಡು, ಮೂರೇ ತಿಂಗಳಲ್ಲಿ ಮಬ್ಬು. ಬಿದರಿ ಕಲೆಯ ಊರಿನವರಿಗೆ ಕಪ್ಪು-ಬೆಳ್ಳಿ ಜೋಡಿಯ ಮೇಲೆ ಮೋಹ ಸಹಜ. ಆ ಮೋಹವನ್ನು ಬೇಕಾದರೆ ಕನ್ನಡಿಯ ಚೌಕಟ್ಟಿಗೆ, ಬಾಗಿಲ ಹಿಡಿಕೆಗೆ, ನೀರು ತಾಗದ ಗೋಡೆಗೆ ಕೊಡಿ. ನೀರು ಬೀಳುವಲ್ಲಿ ಕ್ರೋಮ್ ಅಥವಾ ಬ್ರಷ್ಡ್ ಸ್ಟೀಲ್ ನಳ, ತಿಳಿ ಬೂದು, ಮರಳು ಬಣ್ಣ, ದಂತಬಿಳುಪಿನ ಟೈಲ್ಸ್ ಇರಲಿ. ಉಪ್ಪಿನ ಕಲೆ ತಿಳಿ ಬಣ್ಣದಲ್ಲಿ ಅಡಗುತ್ತದೆ, ಎರೆಮಣ್ಣಿನ ಕಲೆ ಬೂದುಬಣ್ಣದಲ್ಲಿ ಅಡಗುತ್ತದೆ. ಗಾಜಿನ ಬದಲು ಮೂರೂವರೆ ಅಡಿ ಎತ್ತರದ ಮೋಟುಗೋಡೆ ಕಟ್ಟಿಸಿದರೆ ಸ್ನಾನದ ಜಾಗ ಬೇರೆಯಾಗುತ್ತದೆ, ಮೇಲೆ ಸೋಪು-ಶಾಂಪೂ ಇಡಲೂ ಆಗುತ್ತದೆ.

ಶವರ್ ಕೊಳ್ಳುವಾಗ ತೂತುಗಳಿಗೆ ಮೆತ್ತನೆಯ ರಬ್ಬರು ಇರುವುದನ್ನೇ ಕೇಳಿ. ಉಪ್ಪು ಕಟ್ಟಿದಾಗ ಹೆಬ್ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ನಳದ ಬಾಯಿಗೆ ಏರೇಟರ್ ಹಾಕಿಸಿ, ಆದರೆ ಕೈಯಿಂದ ತಿರುಗಿಸಿ ಬಿಚ್ಚುವಂಥದು. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆಹುಳಿ ಕಲಸಿದ ನೀರಿನಲ್ಲಿ ನೆನೆಸಿಟ್ಟರೆ ಸಾಕು. ಟಾಕಿಯಿಂದ ಕೆಳಗಿಳಿಯುವ ಕೊಳವೆಗೆ ಒಂದು ಜಾಲರಿ ಫಿಲ್ಟರ್ ಇದ್ದರೆ ಬೋರಿನ ಮರಳು ನಳದ ಒಳಗಿನ ತಿರುಗಣೆಯನ್ನು ತಿನ್ನುವುದಿಲ್ಲ. ಗೋಡೆಯೊಳಗೆ ಹುದುಗಿಸುವ ಡೈವರ್ಟರ್, ಮುಚ್ಚಿಟ್ಟ ಫ್ಲಶ್ ಟಾಕಿ ಇವುಗಳ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಗಡಸು ನೀರಿನ ಊರಿಗೆ ಬೇಡ. ಒಳಗಿನ ವಾಲ್ವಿಗೆ ಉಪ್ಪು ಹಿಡಿದಾಗ ಟೈಲ್ಸ್ ಒಡೆಯಬೇಕಾಗುತ್ತದೆ. ಅದರ ಬಿಡಿಭಾಗ ಔರಾದದಲ್ಲಿ ಸಿಗದೆ ಬೀದರಿಗೋ ಹೈದರಾಬಾದಿಗೋ ಹೇಳಿ ತರಿಸಬೇಕಾಗುತ್ತದೆ. ಹೊರಗೆ ಕಾಣುವ ಗೋಡೆ ಮಿಕ್ಸರು, ಹೊರಗೆ ಕಾಣುವ ಫ್ಲಶ್ ಟಾಕಿ ಊರಿನ ಪ್ಲಂಬರು ಅರ್ಧ ಗಂಟೆಯಲ್ಲಿ ಬಿಚ್ಚಿ ಕಟ್ಟುವ ವಸ್ತುಗಳು. ಅವುಗಳಲ್ಲೂ ನೋಡಲು ಚೆಂದವಾದವು ಬೇಕಾದಷ್ಟಿವೆ.

ನೀರು ಮೆತ್ತಗಾಗಿಸುವ ಸಾಫ್ಟನರ್ ಯಂತ್ರವನ್ನು ಕೆಲವರು ಇಡೀ ಮನೆಗೆ ಹಾಕಿಸುತ್ತಾರೆ. ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಅಡುಗೆ ಉಪ್ಪಿನಿಂದ ನಡೆಯುವ ಯಂತ್ರ. ಆಗಾಗ ತೊಳೆದು ಹೊರಬಿಡುವ ಉಪ್ಪುನೀರನ್ನು ಗಿಡಕ್ಕೋ ಎರೆ ಹೊಲಕ್ಕೋ ಬಿಡಬಾರದು. ಸೋಡಿಯಂ ಸೇರಿದರೆ ಎರೆಮಣ್ಣು ಇನ್ನಷ್ಟು ಜಿಗುಟಾಗಿ ನೀರು ಇಂಗದಂತಾಗುತ್ತದೆ.

ನೀರಿನ ಒತ್ತಡದ ಲೆಕ್ಕವನ್ನು ಅಂಗಡಿಯವರು ಹೇಳುವುದು ಕಡಿಮೆ. ಒಂದಂತಸ್ತಿನ ಮನೆ, ನೇರ ಚಾವಣಿಯ ಮೇಲೆ ಕೂರಿಸಿದ ಟಾಕಿ. ಶವರ್ ನೆಲದಿಂದ ಏಳು ಅಡಿ ಮೇಲೆ, ಟಾಕಿಯಲ್ಲಿ ಅರ್ಧ ನೀರು. ಆಗ ಶವರಿಗೂ ನೀರಿನ ಮಟ್ಟಕ್ಕೂ ಇರುವ ಅಂತರ ಐದಾರು ಅಡಿ. 33 ಅಡಿ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಆರು ಅಡಿಗೆ 0.2 ಬಾರ್ ಕೂಡ ಸಿಗುವುದಿಲ್ಲ. ತಟ್ಟೆಯಗಲದ ಶವರು ಅರ್ಧ ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಮಳೆ ಸುರಿಸುವುದಿಲ್ಲ, ತೊಟ್ಟಿಕ್ಕುತ್ತದೆ. ಚಾವಣಿಯ ಮೇಲೆ ಆರೇಳು ಅಡಿಯ ಕಟ್ಟೆ ಕಟ್ಟಿಸಿ ಟಾಕಿ ಕೂರಿಸುವುದು, ಬಚ್ಚಲಿಗೆ ನೇರವಾಗಿ ಒಂದಿಂಚಿನ ಕೊಳವೆ ಇಳಿಸುವುದು, ಕೈಯಲ್ಲಿ ಹಿಡಿಯುವ ಚಿಕ್ಕ ಶವರ್ ಆರಿಸುವುದು ಇವು ಕರೆಂಟಿನ ಹಂಗಿಲ್ಲದ ಪರಿಹಾರಗಳು.

ಎರೆಯ ಮೇಲಿನ ಮನೆ, ಕೆಂಪುಕಲ್ಲಿನ ಮೇಲಿನ ಮನೆ

ಭಾಲ್ಕಿ, ಔರಾದಗಳ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ತೊಗರಿ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹೊಲದಲ್ಲಿ ತಿಳಿದ ಈ ಸಂಗತಿಯನ್ನು ಬಚ್ಚಲು ಕಟ್ಟುವಾಗ ಮರೆಯುತ್ತೇವೆ. ಹಳೆ ಮನೆಯ ಹಿಂಗೋಡೆಗೆ ಅಂಟಿಸಿ ಸಂಡಾಸ-ಬಚ್ಚಲು ಎಬ್ಬಿಸುವ ರೂಢಿ ಎಲ್ಲ ಕಡೆ ಇದೆ. ಹಳೆ ಮನೆಯ ಬುನಾದಿ ಆಳ, ಹೊಸ ಕೋಣೆಯದು ಎರಡಡಿ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಎರಡರ ನಡುವೆ ಕೂದಲೆಳೆಯ ಸೀಳು ಕಾಣಿಸಿಕೊಳ್ಳುತ್ತದೆ. ಸ್ನಾನದ ನೀರು ಆ ಸೀಳಿನಿಂದ ಕೆಳಗಿಳಿಯುತ್ತದೆ. ವರ್ಷವಿಡೀ ಒಂದೇ ಜಾಗದ ಎರೆ ನೆನೆಯುತ್ತದೆ, ಅಲ್ಲೇ ಉಬ್ಬುತ್ತದೆ. ಸುತ್ತಲಿನದು ಒಣಗಿ ಕುಗ್ಗುತ್ತದೆ. ಗೋಡೆ ಸೀಳುತ್ತದೆ, ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆ, ಕಮೋಡಿನ ಬುಡ ಅಲುಗುತ್ತದೆ. ಎರೆಯಲ್ಲಿ ಬಚ್ಚಲಿನ ಸೋರಿಕೆ ಎಂದರೆ ಮನೆಯ ಬುನಾದಿಗೇ ಬಂದ ಕೇಡು. ಗೋಡೆಗೆ ಮತ್ತೆ ಬಣ್ಣ ಹೊಡೆಸಿ ಮುಚ್ಚುವ ವಿಷಯ ಅದಲ್ಲ.

ಹಾಗಾಗಿ ಹೊಸ ಬಚ್ಚಲಿನ ಬುನಾದಿಯನ್ನು ಎರೆ ದಾಟಿ ಮುರುಮಿನವರೆಗೆ ಇಳಿಸಿ. ಎರೆ ತೀರಾ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ, ಬುಡದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬದ ಪದ್ಧತಿಯಿದೆ, ಎಂಜಿನಿಯರನ್ನು ಕೇಳಿ. ನೆಲದ ಕೆಳಗಿನ ಎರೆಯನ್ನು ಎರಡು ಅಡಿಯಾದರೂ ತೆಗೆದು ಮುರುಮು ತುಂಬಿ ದಮ್ಮಸು ಹೊಡೆಸಿ. ಹಳೆ ಗೋಡೆ, ಹೊಸ ಗೋಡೆಗಳನ್ನು ಸಿಮೆಂಟು ಮೆತ್ತಿ ಒಂದು ಮಾಡಲು ಹೋಗಬೇಡಿ. ನಡುವೆ ಅರ್ಧ ಇಂಚು ಸಂದು ಬಿಟ್ಟು ಹಿಗ್ಗುವ ಸೀಲೆಂಟ್ ತುಂಬಿಸಿ. ಗೋಡೆ ದಾಟುವ ಕೊಳವೆಯ ಸುತ್ತಲೂ ಸ್ವಲ್ಪ ಜಾಗ ಇರಲಿ, ಗೋಡೆ ಅಲುಗಿದರೂ ಕೊಳವೆ ಮುರಿಯದಷ್ಟು. ಹೊರಗೆ ಗೋಡೆಯ ಬುಡದಲ್ಲಿ ಮೂರಡಿ ಅಗಲದ ಇಳಿಜಾರು ಕಟ್ಟೆ ಹಾಕಿಸಿದರೆ ಮಳೆನೀರೂ ಬುನಾದಿಯಿಂದ ದೂರ ಸರಿಯುತ್ತದೆ. ಸಂಡಾಸದ ಇಂಗುಗುಂಡಿ ಎರೆಯಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಗುಂಡಿಯ ಕಟ್ಟಡದ ಹೊರಗೆ ಸುತ್ತಲೂ ಒಂದಡಿ ದಪ್ಪ ಮರಳು, ಇಟ್ಟಿಗೆ ಚೂರು ತುಂಬಿಸಿದರೆ ನೀರು ಇಂಗಲು ಹೆಚ್ಚು ಜಾಗ ಸಿಗುತ್ತದೆ.

ಬೀದರ ನಗರದ ಕಥೆ ಇದಕ್ಕೆ ತದ್ವಿರುದ್ಧ. ಊರು ನಿಂತಿರುವುದು ಕೆಂಪು ಲ್ಯಾಟರೈಟ್ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ತೂತು ತೂತಾದ ಈ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಕೆಳಗಿನ ಜೇಡಿ, ಬಸಾಲ್ಟ್ ಪದರ ಅದನ್ನು ತಡೆದು ನಿಲ್ಲಿಸುತ್ತದೆ. ನಾನಕ್ ಝೀರಾದ ಊಟೆ, ಝರಣಿ ನರಸಿಂಹನ ಗುಹೆಯ ನೀರು ಇದೇ ನೆಲದ ಗುಣದಿಂದ ಹರಿಯುವಂಥವು. ನೌಬಾದದ ಕರೇಜ್ ಕೂಡ ಇದನ್ನು ಅರಿತೇ ಕೊರೆದದ್ದು. ಬಹಮನಿ ಕಾಲದ ಆ ನೆಲದಡಿಯ ಕಾಲುವೆ, ಸಾಲುಬಾವಿಗಳ ಬಾಯಿಯೊಂದಿಗೆ, ಎರಡು ಕಿಲೋಮೀಟರಿಗೂ ಮಿಕ್ಕಿ ಸಾಗುತ್ತದೆ. ಮಳೆಯನ್ನು ಇಷ್ಟು ಸಲೀಸಾಗಿ ಕೆಳಗಿಳಿಸುವ ಕಲ್ಲು ನಿಮ್ಮ ಬಚ್ಚಲಿನ ಮೋರಿ ನೀರನ್ನೂ ಅಷ್ಟೇ ಸಲೀಸಾಗಿ ಇಳಿಸುತ್ತದೆ. ಎರೆಯಲ್ಲಿ ಇಂಗುಗುಂಡಿ ತುಂಬುತ್ತದೆ ಎಂಬ ದೂರು. ಇಲ್ಲಿ ಎಂದೂ ತುಂಬುವುದೇ ಇಲ್ಲ ಎಂದು ಜನ ಖುಷಿಪಡುತ್ತಾರೆ. ತುಂಬದ ಗುಂಡಿಯ ನೀರು ಪಕ್ಕದ ಬಾವಿಗೆ, ಬೋರಿಗೆ ಸೇರುತ್ತಿರಬಹುದು. ಒಳಚರಂಡಿ ಇರುವ ಬಡಾವಣೆಯಲ್ಲಿ ತಪ್ಪದೆ ಅದಕ್ಕೇ ಜೋಡಿಸಿ. ಇಲ್ಲದ ಕಡೆ ತಳಕ್ಕೆ ಕಾಂಕ್ರೀಟ್ ಹಾಕಿದ ಸರಿಯಾದ ಸೆಪ್ಟಿಕ್ ಟ್ಯಾಂಕ್ ಬೇಕು. ಅದರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ, ದೂರವಿರಬೇಕು. ಕೆಂಪುಕಲ್ಲಿನಲ್ಲಿ ಇನ್ನೂ ದೂರವಿದ್ದರೆ ಒಳ್ಳೆಯದು.

ಹಳೆ ಬೀದರಿನ ಕೆಂಪುಕಲ್ಲಿನ ಮನೆಗಳಲ್ಲಿ ಬಚ್ಚಲು ಸುಧಾರಿಸುವವರಿಗೆ ಒಂದು ಮಾತು. ಆ ಕಲ್ಲು ತೇವ ಹೀರುತ್ತದೆ. ಅದರ ಮೇಲೆ ನೇರವಾಗಿ ಸಿಮೆಂಟು ಗಿಲಾಯಿ ಮಾಡಿ ಟೈಲ್ಸ್ ಅಂಟಿಸಿದರೆ ತೇವ ಒಳಗೇ ಸಿಕ್ಕಿ ಆಚೆ ಕೋಣೆಯ ಗೋಡೆಯಲ್ಲಿ ಉಪ್ಪಾಗಿ ಅರಳುತ್ತದೆ. ಒಳಗೆ ನಾಲ್ಕಿಂಚಿನ ಬೇರೆ ಇಟ್ಟಿಗೆ ಗೋಡೆ ಎಬ್ಬಿಸಿ, ಅದಕ್ಕೆ ನೀರುತಡೆ ಲೇಪ ಹಾಕಿ, ಅದರ ಮೇಲೆ ಟೈಲ್ಸ್ ಹಚ್ಚಿಸಿ. ಕೊಳವೆಗಳೂ ಈ ಹೊಸ ಗೋಡೆಯಲ್ಲೇ ಓಡಲಿ. ಹಳೆ ಕಲ್ಲು ಉಸಿರಾಡುತ್ತಾ ಉಳಿಯುತ್ತದೆ.

ಫರಸಿಯೋ, ಟೈಲ್ಸೋ

ನಮ್ಮ ಭಾಗದ ಹಳೆ ಬಚ್ಚಲುಗಳ ನೆಲ ಶಹಾಬಾದ ಫರಸಿ. ನೆರೆಯ ಕಲಬುರಗಿ ಜಿಲ್ಲೆಯ ಈ ಬೂದು ಸುಣ್ಣಕಲ್ಲನ್ನು ಬಡವರ ಕಲ್ಲೆಂದು ಬಿಟ್ಟುಬಿಡುತ್ತಿರುವುದು ನನಗೆ ಬೇಸರದ ಸಂಗತಿ. ಪಾಲಿಶ್ ಮಾಡದ, ಒರಟು ಮುಖದ ಶಹಾಬಾದ ಒದ್ದೆಯಾದಾಗಲೂ ಕಾಲಿಗೆ ಹಿಡಿತ ಕೊಡುತ್ತದೆ. ಬೇಸಿಗೆಯಲ್ಲಿ ತಂಪು. ಬಿಂದಿಗೆ ಜಾರಿ ಬಿದ್ದರೆ ಟೈಲ್ಸಿನಂತೆ ಚಕ್ಕೆ ಏಳುವುದಿಲ್ಲ. ತಿಳಿ ಗೋಡೆ, ಬೂದು ಫರಸಿ ನೆಲ, ಉಕ್ಕಿನ ನಳ: ಇದು ಯಾವ ದೊಡ್ಡ ಊರಿನ ವಾಸ್ತುಶಿಲ್ಪಿಯೂ ಮೆಚ್ಚುವ ಆಧುನಿಕ ಜೋಡಣೆ. ಕಲ್ಲುಗಳನ್ನು ಯಂತ್ರದಲ್ಲಿ ಅಂಚು ಕೊಯ್ಸಿ, ಸಂದು ಎರಡು ಮೂರು ಮಿಲಿಮೀಟರಿಗೆ ತಂದು, ಕಲ್ಲಿನೊಳಗೆ ಇಳಿಯುವ ಸೀಲರ್ ಹಚ್ಚಿಸಬೇಕು. ಒಂದೇ ಶರತ್ತು, ಆ್ಯಸಿಡ್ ತಾಗಬಾರದು. ಸುಣ್ಣಕಲ್ಲಿನ ಮೇಲೆ ಆ್ಯಸಿಡ್ ಬಿದ್ದರೆ ನೊರೆಯೆದ್ದು ಕಲ್ಲೇ ಕರಗುತ್ತದೆ, ನಿಂಬೆಹುಳಿಯೂ ಬೇಡ. ಸಾಬೂನು ನೀರು, ಬ್ರಷ್ಷು ಸಾಕು.

ಟೈಲ್ಸೇ ಬೇಕೆನ್ನುವವರು ಅಂಗಡಿಯಲ್ಲಿ ಮೊದಲು ಮುಖ ನೋಡದೆ ಬೆನ್ನು ನೋಡಿ, ಡಬ್ಬಿಯ ಮೇಲಿನ ಬರಹ ಓದಿ. ಗೋಡೆಗೆಂದು ಮಾಡಿದ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇ 10ಕ್ಕೂ ಹೆಚ್ಚು ನೀರು ಹೀರಬಲ್ಲದು. ವಿಟ್ರಿಫೈಡ್ ಹೀರುವುದು ಶೇ 0.5ಕ್ಕಿಂತ ಕಡಿಮೆ. ಆದ್ದರಿಂದ ನೆಲಕ್ಕೆ ವಿಟ್ರಿಫೈಡ್. ಜಾರುವಿಕೆಗೆ ‘ಆರ್’ ಅಂಕಿ ಇರುತ್ತದೆ: ಆರ್9 ಒಣ ಕೋಣೆಗೆ, ಬಚ್ಚಲಿಗೆ ಆರ್10, ಸ್ನಾನದ ಜಾಗಕ್ಕೆ ಆರ್11. ದೀಪಾವಳಿಯ ಎಣ್ಣೆಸ್ನಾನದ ಮುಂಜಾನೆ ನೆನೆಸಿಕೊಂಡು ಆರಿಸಿ. ಎಣ್ಣೆ, ಕಡಲೆಹಿಟ್ಟು, ಸೋಪು ಮೂರೂ ಸೇರಿದ ನೆಲದ ಮೇಲೆ ಮುದುಕರು, ಮಕ್ಕಳು ಕಾಲಿಡುತ್ತಾರೆ. ನೆಲಕ್ಕೆ ಒಂದಡಿ ಚೌಕದ ಟೈಲ್ಸ್ ಸಾಕು. ಎರಡಡಿಗೆ ನಾಲ್ಕಡಿಯ ದೊಡ್ಡ ಹಲಗೆಗಳು ಗೋಡೆಗೆ ಶೋಭೆ. ನೆಲಕ್ಕೆ ಹಾಕಿದರೆ ನಾಲ್ಕೂ ಕಡೆಯಿಂದ ಜಾಲಿಯತ್ತ ಇಳಿಜಾರು ಕೊಡಲು ಬರುವುದಿಲ್ಲ, ಮೂಲೆಯಲ್ಲಿ ನೀರು ನಿಲ್ಲುತ್ತದೆ. ಸ್ನಾನದ ಜಾಗದಲ್ಲಿ ಅಡಿಗೆ ಕಾಲಿಂಚು, ಉಳಿದ ಕಡೆ ಅದರರ್ಧ ಇಳಿಜಾರು ಇರಲಿ.

ನೀರು ಹೀರದ ವಿಟ್ರಿಫೈಡ್ ಟೈಲ್ಸಿಗೆ ಸಿಮೆಂಟಿನ ಹಾಲು ಹಿಡಿಯುವುದಿಲ್ಲ. ಗೌಂಡಿ ‘ಇಷ್ಟು ವರ್ಷ ಸಿಮೆಂಟಿನ್ಯಾಗ ಹಚ್ಚೀವ್ರಿ, ಏನಾಗಿಲ್ಲ’ ಎಂದರೂ ಗೋಡೆಯ ದೊಡ್ಡ ಟೈಲ್ಸಿಗೆ ಅಂಟನ್ನೇ ಬಳಸಲು ಪಟ್ಟುಹಿಡಿಯಿರಿ. ಚೀಲದ ಮೇಲೆ ಐಎಸ್ 15477 ಗುರುತು ಇರಲಿ. ಎರೆ ಮೇಲಿನ ಮನೆಗೆ ಸ್ವಲ್ಪ ಬಾಗುವ ಗುಣದ ಅಂಟು ಬೇಕು. ಸಂದಿಗೆ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಗಡಸು ನೀರಿಗೆ, ಕೊಳೆಗೆ ಅದು ತಡೆಯುತ್ತದೆ. ಇಡೀ ಕೋಣೆಗೆ ಆಗದಿದ್ದರೆ ನೆಲಕ್ಕೆ ಮತ್ತು ಗೋಡೆಯ ಬುಡದ ಎರಡಡಿಗಾದರೂ ಹಾಕಿಸಿ.

ಬಣ್ಣಕ್ಕೆ ಮೊಬೈಲು ನೋಡುವ ಮೊದಲು ಮಹಮೂದ್ ಗವಾನ ಮದರಸಾದ ಮುಂದೆ ನಿಂತು ಬನ್ನಿ. 1472ರಲ್ಲಿ ಕಟ್ಟಿದ ಆ ಕಟ್ಟಡದ ಉಳಿದ ಮಿನಾರಿನ ಮೇಲೆ ಮೆರುಗಿನ ಹೆಂಚುಗಳ ಅಂಕುಡೊಂಕು ಸಾಲುಗಳು ಐದೂವರೆ ಶತಮಾನದ ಬಿಸಿಲು ಮಳೆ ತಿಂದೂ ಅಲ್ಲಲ್ಲಿ ಹೊಳೆಯುತ್ತಿವೆ. ನೀಲಿ, ಹಸಿರು, ಹಳದಿ, ಬಿಳಿ. ಬಿಳಿ ಗೋಡೆಯ ನಡುವೆ ಕಣ್ಣೆತ್ತರದಲ್ಲಿ ಈ ಬಣ್ಣಗಳ ಒಂದು ಸಾಲು ಪಟ್ಟಿ ಹಾಯಿಸಿದರೆ ಬಚ್ಚಲುಮನೆ ಬೇರೆ ಯಾವ ಊರಿನದೂ ಆಗದೆ ಬೀದರಿನದಾಗುತ್ತದೆ.

ಕೂತು ಸ್ನಾನ ಮಾಡುವವರಿಗೆ ಜಾಗ

ಬಚ್ಚಲು ಮತ್ತು ಸಂಡಾಸ ಒಂದೇ ಕೋಣೆಯಲ್ಲಿದ್ದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕನಿಷ್ಠ 2.8 ಚದರ ಮೀಟರ್, ಅಂದರೆ ಸುಮಾರು 30 ಚದರ ಅಡಿ ಬೇಕು, ಅಗಲ 1.2 ಮೀಟರಿಗಿಂತ ಕಡಿಮೆಯಿರಬಾರದು. ಅದು ಕನಿಷ್ಠ. ನಮ್ಮ ಮನೆಗಳ ಬಳಕೆಗೆ ಐದಡಿಗೆ ಎಂಟಡಿ ಆರಾಮ. ಯಾಕೆಂದರೆ ನಮ್ಮ ಬಚ್ಚಲಿನಲ್ಲಿ ಒಬ್ಬರು ನಿಂತು ಶವರ್ ತೆಗೆದುಕೊಳ್ಳುವುದಷ್ಟೇ ನಡೆಯುವುದಿಲ್ಲ. ಬಾಣಂತಿ ಇರುವ ಮನೆಯಲ್ಲಿ ಅಜ್ಜಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಕೂಸನ್ನು ಮೊಳಕಾಲಿನ ಮೇಲೆ ಬೋರಲು ಮಲಗಿಸಿ ಎರೆಯುತ್ತಾಳೆ. ಒಂದು ಕೈ ಕೂಸಿನ ಎದೆಯ ಕೆಳಗೆ, ಇನ್ನೊಂದು ಕೈಯಲ್ಲಿ ತಂಬಿಗೆ. ಬಲಕ್ಕೆ ಬಿಸಿನೀರಿನ ಬಕೆಟ್ಟು, ಎಡಕ್ಕೆ ತಣ್ಣೀರು, ಹಿಂದೆ ಟವೆಲ್ಲು ಹಿಡಿದು ಇನ್ನೊಬ್ಬರು. ಇದಕ್ಕೆ ನಾಲ್ಕಡಿ ಉದ್ದ, ಮೂರಡಿ ಅಗಲದ ಖಾಲಿ ನೆಲ ಬೇಕು. ಕಮೋಡನ್ನು ನಟ್ಟನಡುವೆ ಕೂರಿಸಿದ ಆಧುನಿಕ ನಕ್ಷೆಯಲ್ಲಿ ಈ ಜಾಗ ಸಿಗುವುದೇ ಇಲ್ಲ. ಕಮೋಡನ್ನು ಬಾಗಿಲ ಕಡೆಯ ಮೂಲೆಗೆ ತಳ್ಳಿ, ಸ್ನಾನದ ಜಾಗವನ್ನು ಆಚೆ ತುದಿಗೆ ಇಡಿ. ನಡುವೆ ಒಂದಿಂಚು ತಗ್ಗು. ಒಂದು ಕಡೆ ಒಣಗಿರುತ್ತದೆ, ಇನ್ನೊಂದು ಕಡೆ ಎಷ್ಟು ನೀರು ಚೆಲ್ಲಿದರೂ ಚಿಂತೆಯಿಲ್ಲ.

ಬಕೆಟ್ಟು ಸ್ನಾನ ಹಳತಾಯಿತೆಂದು ನಾಚಿಕೊಳ್ಳಬೇಕಾಗಿಲ್ಲ. ಒಂದು ಬಕೆಟ್ಟು 18–20 ಲೀಟರ್. ಸಾಮಾನ್ಯ ಶವರು ನಿಮಿಷಕ್ಕೆ 8–10 ಲೀಟರ್ ಸುರಿಸುತ್ತದೆ. ಹತ್ತು ನಿಮಿಷಕ್ಕೆ ನಾಲ್ಕೈದು ಬಕೆಟ್ಟು. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ಇಡೀ ದಿನಕ್ಕೆಂದು ಇಟ್ಟ ಲೆಕ್ಕ 55 ಲೀಟರ್. ಏಪ್ರಿಲ್-ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವ ಊರುಗಳಲ್ಲಿ ಈ ಲೆಕ್ಕ ತಲೆಯಲ್ಲಿರಬೇಕು. ಬಕೆಟ್ಟಿಗೇ ಒಪ್ಪುವಂತೆ ವಿನ್ಯಾಸ ಮಾಡಿ: ನೆಲದಿಂದ ಎರಡಡಿ ಎತ್ತರಕ್ಕೆ ಬಿಸಿ-ತಣ್ಣೀರಿನ ಉದ್ದ ಮೂಗಿನ ನಳ, ಅದರ ಕೆಳಗೆ ಬಕೆಟ್ಟು ಇಡಲು ನಾಲ್ಕಿಂಚಿನ ಕಟ್ಟೆ, ಗೋಡೆಗೆ ಅಂಟಿದ ಒಂದೂವರೆ ಅಡಿ ಎತ್ತರದ ಕೂರುವ ಕಟ್ಟೆ. ಅದರ ಮೇಲೆ ಫರಸಿ ಹಾಸಿದರೆ ಮುದುಕರಿಗೆ ಆಸರೆ, ಬಟ್ಟೆ ಒಗೆಯುವವರಿಗೂ ಅನುಕೂಲ. ಫ್ಲಶ್ ಕೊಳ್ಳುವಾಗ 3 ಮತ್ತು 6 ಲೀಟರಿನ ಎರಡು ಗುಂಡಿಯದನ್ನೇ ಕೇಳಿ.

ಸ್ನಾನದ ನೀರಿಗೂ ಸಂಡಾಸದ ನೀರಿಗೂ ಆರಂಭದಲ್ಲೇ ಬೇರೆ ಬೇರೆ ಕೊಳವೆ ಹಾಕಿಸಿ. ಆಮೇಲೆ ಮಾಡಲು ನೆಲ ಅಗೆಯಬೇಕು. ಸ್ನಾನದ ನೀರನ್ನು ಜಲ್ಲಿ, ಮರಳಿನ ಸಣ್ಣ ಗುಂಡಿಯ ಮೂಲಕ ಹಾಯಿಸಿ ಹಿತ್ತಲ ಬಾಳೆ, ತೆಂಗು, ಮಾವಿಗೆ ಬಿಡಬಹುದು. ಎರೆಯಲ್ಲಿ ಮಾತ್ರ ಈ ನೀರು ಬುನಾದಿಯಿಂದ ಹತ್ತು ಹನ್ನೆರಡು ಅಡಿ ದೂರದಲ್ಲೇ ಇಳಿಯಲಿ.

ವಯಸ್ಸಾದವರಿರುವ ಮನೆಯಲ್ಲಿ ಕಮೋಡಿನ ಪಕ್ಕ, ಕೂರುವ ಕಟ್ಟೆಯ ಪಕ್ಕ ಸ್ಟೀಲಿನ ಹಿಡಿಕೆ ಇರಲೇಬೇಕು. ಕೈಗೆ ಸರಿಯಾಗಿ ಒಗ್ಗುವುದು 32ರಿಂದ 40 ಮಿಲಿಮೀಟರ್ ದಪ್ಪದ್ದು. ಗೋಡೆಗೂ ಹಿಡಿಕೆಗೂ ಒಂದೂವರೆ ಇಂಚು ಅಂತರವಿರಲಿ. ಟವೆಲ್ ಕಡ್ಡಿಯನ್ನು ಹಿಡಿಕೆಯೆಂದು ನಂಬಿದರೆ ಅದು ಕಿತ್ತು ಬರುತ್ತದೆ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಕುಸಿದು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆರೆಯಬಹುದಾದ ಚಿಲಕ ಹಾಕಿಸಿ. ಬಾಗಿಲಿಗೆ ಕಟ್ಟಿಗೆಗಿಂತ ಡಬ್ಲ್ಯುಪಿಸಿ ಅಥವಾ ಫೈಬರ್ ಒಳ್ಳೆಯದು.

ಬಿಸಿನೀರು, ಗಾಳಿ

ಬೀದರಿನ ಡಿಸೆಂಬರ್ ಚಳಿ ರಾಜ್ಯದಲ್ಲೇ ಹೆಸರಾದದ್ದು. ಮೇ ತಿಂಗಳ ಮಧ್ಯಾಹ್ನ ತಣ್ಣೀರಿನ ನಳ ತಿರುಗಿಸಿದರೂ ಕೈ ಸುಡುತ್ತದೆ. ಟಾಕಿಗೆ ನೆರಳು ಬೇಕು, ಬಿಳಿ ಬಣ್ಣದ ಮೂರು ಪದರದ ಟಾಕಿಯಾದರೆ ಮೇಲು. ಬಿಸಿಲಿಗೆ ಬರವಿಲ್ಲದ ಊರಿನಲ್ಲಿ ಸೋಲಾರ್ ಹೀಟರ್ ಹಾಕಿಸುವುದು ಲಾಭ. ಮೂರು ನಾಲ್ಕು ಜನಕ್ಕೆ 100 ಲೀಟರಿನದು ಸಾಕು. ಗಡಸು ನೀರಿದ್ದರೆ ತಾಮ್ರದ ಸಣ್ಣ ಕೊಳವೆಗಳ ಚಪ್ಪಟೆ ಫಲಕ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ನಳಿಗೆಯದು, ಇಲ್ಲವೇ ಹೀಟ್ ಎಕ್ಸ್‌ಚೇಂಜರ್ ಇರುವುದು ಆರಿಸಿ. ಬಿಸಿನೀರಿನ ಸಾಲಿಗೆ ಸಿಪಿವಿಸಿ ಕೊಳವೆಯೇ ಬೇಕು, ತಣ್ಣೀರಿನ ಯುಪಿವಿಸಿ ಆ ಬಿಸಿಗೆ ಮೆತ್ತಗಾಗುತ್ತದೆ. ಕರೆಂಟಿನ ಗೀಜರನ್ನು 50–55 ಡಿಗ್ರಿಗೆ ಇಟ್ಟರೆ ಉಪ್ಪು ಕಟ್ಟುವುದು ಕಡಿಮೆ. ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ನೋಡಿಸಿ, ಸವೆದಿದ್ದರೆ ಬದಲಿಸಿ. ಟಾಕಿ ತೂತಾಗುವ ಬದಲು ಅದು ಸವೆಯಲಿ ಎಂದೇ ಇಟ್ಟಿರುತ್ತಾರೆ. ಗೀಜರಿಗೆ 16 ಆಂಪಿಯರ್ ಪ್ಲಗ್ಗು, ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸ್ವಿಚ್ಚು ಬಚ್ಚಲಿನ ಹೊರಗೆ.

ಗ್ಯಾಸ್ ಗೀಜರನ್ನು ಬಚ್ಚಲಿನ ಒಳಗೆ ಖಂಡಿತ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಪ್ರಾಣ ಬಿಟ್ಟ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹಾಕಲೇಬೇಕಿದ್ದರೆ ಹೊರಗೋಡೆಗೆ, ಬಯಲು ಗಾಳಿಗೆ. ಕಟ್ಟಿಗೆಯ ಬಂಬಕ್ಕೂ ಇದೇ ಮಾತು. ಇನ್ನೊಂದು ವಿಷಗಾಳಿಯ ಎಚ್ಚರಿಕೆ: ಸಂಡಾಸ ತೊಳೆಯುವ ಆ್ಯಸಿಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಹಾಕಬಾರದು, ಕ್ಲೋರಿನ್ ಏಳುತ್ತದೆ.

ಕಿಟಕಿ ಕನಿಷ್ಠ ಎರಡಡಿಗೆ ಎರಡಡಿ ಇರಲಿ, ಹೊರಗಿನ ಬಯಲಿಗೆ ತೆರೆಯಲಿ, ಸೊಳ್ಳೆ ಜಾಲರಿ ಇರಲಿ. ಎಕ್ಸಾಸ್ಟ್ ಫ್ಯಾನು ಸಹಾಯಕ್ಕೆ ಇದ್ದರೆ ಒಳ್ಳೆಯದು, ಆದರೆ ಕಿಟಕಿಗೆ ಅದು ಬದಲಿಯಾಗಲಾರದು.

ಟೈಲ್ಸ್ ಹಚ್ಚುವ ಮೊದಲು

ಹಣ ಕಡಿಮೆ ಬಿದ್ದರೆ ನಳದಲ್ಲಿ, ಟೈಲ್ಸಿನಲ್ಲಿ ಉಳಿಸಿ. ನೀರುತಡೆ ಲೇಪದಲ್ಲಿ, ಕೊಳವೆಯಲ್ಲಿ, ತಂತಿಯಲ್ಲಿ ಉಳಿಸಬೇಡಿ. ನಳ ನಾಳೆ ಬದಲಿಸಬಹುದು. ನೀರುತಡೆ ಲೇಪ ನೆಲಕ್ಕೆ ಎರಡು ಸಲ, ಒಂದು ಒಣಗಿದ ಮೇಲೆ ಇನ್ನೊಂದು ಅಡ್ಡ ದಿಕ್ಕಿನಲ್ಲಿ ಬೀಳಬೇಕು. ಗೋಡೆಯ ಬುಡದಿಂದ ಒಂದಡಿ ಮೇಲಕ್ಕೆ, ಸ್ನಾನದ ಜಾಗದಲ್ಲಿ ಆರಡಿಯವರೆಗೂ ಏರಬೇಕು. ನೆಲ-ಗೋಡೆ ಕೂಡುವ ಮೂಲೆಯನ್ನು ಗೌಂಡಿ ಮೊದಲು ಸಿಮೆಂಟಿನಿಂದ ದುಂಡಗೆ ಮಾಡಿರಬೇಕು; ಚೂಪು ಮೂಲೆಯಲ್ಲೇ ಲೇಪ ಮೊದಲು ಸೀಳುವುದು. ಲೇಪ ಪೂರ್ತಿ ಒಣಗಿದ ಮೇಲೆ ಜಾಲಿಯ ಬಾಯಿ ಮುಚ್ಚಿ ಎರಡಿಂಚು ನೀರು ತುಂಬಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು 48 ಗಂಟೆ ಬಿಡಿ. ಬೇಸಿಗೆಯಲ್ಲಾದರೆ ಪಕ್ಕದಲ್ಲೊಂದು ಬಕೆಟ್ಟು ನೀರಿಟ್ಟು ಅದಕ್ಕೂ ಗೆರೆ ಎಳೆಯಿರಿ. ಬಿಸಿಲಿಗೆ ಎಷ್ಟು ಆರಿತು, ಸೋರಿ ಎಷ್ಟು ಹೋಯಿತು ಎಂಬ ವ್ಯತ್ಯಾಸ ಗೊತ್ತಾಗುತ್ತದೆ. ನೀರು ಬಕೆಟ್ಟಿನದಕ್ಕಿಂತ ಹೆಚ್ಚು ಇಳಿದಿದ್ದರೆ, ಕೆಳಗಿನ ಚಾವಣಿಯಲ್ಲೋ ಆಚೆ ಗೋಡೆಯಲ್ಲೋ ತೇವ ಕಂಡರೆ, ಟೈಲ್ಸ್ ಕೆಲಸ ನಿಲ್ಲಿಸಿ. ಆ ಎರಡು ದಿನ ಗೌಂಡಿಗೆ ಕೂಲಿ ಕೊಟ್ಟು ಬೇರೆ ಕೆಲಸ ಹಚ್ಚಿದರೂ ನಷ್ಟವಿಲ್ಲ.

ಗೋಡೆ ಮುಚ್ಚುವ ಮುನ್ನ ಕೊಳವೆ, ತಂತಿ ಓಡಿದ ಪ್ರತಿ ಗೋಡೆಗೂ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಹಿಡಿಕೆ, ಕಪಾಟು ಕೂರಿಸಲು ಡ್ರಿಲ್ ಹಾಕುವಾಗ ಬೇಕಾಗುತ್ತದೆ. ನೆಲದ ಟೈಲ್ಸಿನಲ್ಲಿ ಒಂದು ಡಬ್ಬಿ, ಗೋಡೆಯದರಲ್ಲಿ ಒಂದು ಡಬ್ಬಿ ಹೆಚ್ಚಿಗೆ ಕೊಂಡು, ಶೇಡ್ ನಂಬರು ಬರೆದ ರಟ್ಟಿನ ಸಮೇತ ಅಟ್ಟದ ಮೇಲಿಡಿ. ಅದೇ ಬಣ್ಣ ಎರಡು ವರ್ಷದ ನಂತರ ಅಂಗಡಿಯಲ್ಲಿ ಸಿಗುವುದಿಲ್ಲ.